ಅಂಗೈ ತುಂಬುವ ಬೆಳ್ಳಿ ನಾಣ್ಯಗಳು

ನಾಣ್ಯಸಂಗ್ರಹವೆಂದರೆ ಸಿರಿವಂತರ ಹವ್ಯಾಸವೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಆದರೆ ಲಕ್ಷ್ಮೀಪೂಜೆಯ ತಟ್ಟೆಯಲ್ಲಿಡಲು ಬೆಳ್ಳಿಯ ಒಂದು ರೂಪಾಯಿಯಾದರೂ ಇಲ್ಲದ ಹಳೆಯ ಮನೆತನ ನಮ್ಮ ಗಡಿನಾಡಿನಲ್ಲಿ ವಿರಳ. 'ಒಂದು ರೂಪಾಯಿ ತೂಕ'ವೆಂದರೆ ಒಂದು ತೊಲವೆಂಬ ಲೆಕ್ಕವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಆ ರೂಪಾಯಿಗೆ ಹೊರದೇಶಗಳಲ್ಲಿ ಅದರ ಎರಡು ಪಟ್ಟಿಗೂ ಮೀರಿ ತೂಗುವ ಬಂಧುಗಳಿವೆ. ಸುಮಾರು 38ರಿಂದ 40 ಮಿಲಿಮೀಟರ್ ಅಗಲದ, 25ರಿಂದ 28 ಗ್ರಾಂ ತೂಕದ ಈ ದೊಡ್ಡ ನಾಣ್ಯಗಳನ್ನು ಸಂಗ್ರಾಹಕರು ಇಂಗ್ಲೆಂಡಿನ ನಾಣ್ಯದ ಹೆಸರಿನಿಂದ 'ಕ್ರೌನ್ ಗಾತ್ರದವು' ಎಂದು ಕರೆಯುತ್ತಾರೆ.

ಕಣಿವೆಯೊಂದು ಕೊಟ್ಟ ಹೆಸರು

ಟಿರೋಲ್ ನಾಡಿನ ಹಾಲ್ ಪಟ್ಟಣದಲ್ಲಿ 1486ರಲ್ಲಿ ಅಲ್ಲಿನ ಅರಸ ಸಿಗಿಸ್ಮಂಡನು, ಒಂದು ಚಿನ್ನದ ನಾಣ್ಯಕ್ಕೆ ಸಮನಾದ ಬೆಲೆಯ ದೊಡ್ಡ ಬೆಳ್ಳಿ ನಾಣ್ಯವನ್ನು ಅಚ್ಚು ಹಾಕಿಸಿದನು. ಮುಂದೆ 1520ರ ಸುಮಾರಿಗೆ ಬೊಹೀಮಿಯದ ಯೋಆಖಿಮ್ಸ್‌ತಾಲ್ ಎಂಬ ಗಣಿಯೂರಿನಲ್ಲಿ ಇಂತಹ ನಾಣ್ಯಗಳು ರಾಶಿರಾಶಿಯಾಗಿ ಹುಟ್ಟಿದವು. 'ತಾಲ್' ಎಂದರೆ ಕಣಿವೆ. ಕಣಿವೆಯಿಂದ ಬಂದುದು 'ತಾಲರ್'; ಅದೇ ನಾಲಿಗೆಯಿಂದ ನಾಲಿಗೆಗೆ ಸಾಗಿ 'ಡಾಲರ್' ಆಯಿತು.

ಇತ್ತ 1545ರಲ್ಲಿ ಇಂದಿನ ಬೊಲಿವಿಯದ ಪೊಟೊಸಿ ಬೆಟ್ಟದಲ್ಲಿ ಬೆಳ್ಳಿಯ ಅಪಾರ ನಿಕ್ಷೇಪ ಸ್ಪೇನಿನವರ ವಶವಾಯಿತು. ಆ ಬೆಳ್ಳಿಯಿಂದಲೂ ಮೆಕ್ಸಿಕೋದ ಬೆಳ್ಳಿಯಿಂದಲೂ ಆದ ಎಂಟು ರಿಯಾಲಿನ ನಾಣ್ಯ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1857ರವರೆಗೂ ಶಾಸನಬದ್ಧವಾಗಿ ಚಲಾವಣೆಯಲ್ಲಿತ್ತು. ಚೀನದ ವರ್ತಕರು ಇದನ್ನು ಪರೀಕ್ಷಿಸಿ ತಮ್ಮ ಪುಟ್ಟ ಮುದ್ರೆಯನ್ನು ಅದರ ಮೇಲೆ ಒತ್ತುತ್ತಿದ್ದರು. ಆ ಮುದ್ರೆಗಳು ನಾಣ್ಯವು ನಡೆದ ದಾರಿಯ ಗುರುತುಗಳು.

ಕಾಲ ನಿಂತ ನಾಣ್ಯ

ಆಸ್ಟ್ರಿಯದ ಸಾಮ್ರಾಜ್ಞಿ ಮರಿಯ ತೆರೇಸಾ ತೀರಿಕೊಂಡದ್ದು 1780ರಲ್ಲಿ. ಕೆಂಪು ಸಮುದ್ರದ ಸುತ್ತಿನ ಇಥಿಯೋಪಿಯ, ಯೆಮೆನ್ ಮುಂತಾದ ನಾಡುಗಳ ಜನ ಅವಳ ಮುಖವಿದ್ದ ತಾಲರನ್ನು ಎಷ್ಟು ನಂಬಿದ್ದರೆಂದರೆ, ಅವಳ ಮರಣಾನಂತರವೂ ಅದೇ ಮುಖ, ಅದೇ 1780ರ ಇಸವಿಯೊಡನೆ ನಾಣ್ಯ ಅಚ್ಚಾಗುತ್ತಲೇ ಬಂದಿತು. ತೂಕ 28 ಗ್ರಾಂಗಿಂತ ತುಸು ಹೆಚ್ಚು. ಆರರಲ್ಲಿ ಐದು ಪಾಲು ಬೆಳ್ಳಿ. ವಿಯೆನ್ನಾ, ರೋಮ್, ಲಂಡನ್‌ಗಳಲ್ಲಿ ಮಾತ್ರವಲ್ಲ, 1940-41ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲಿಯೂ ಇದು ಅಚ್ಚಾಯಿತು. 1780 ಎಂದು ಬರೆದಿದ್ದ ಮಾತ್ರಕ್ಕೆ ಅದು ಆ ವರ್ಷದ್ದೆಂದು ನಂಬಲಾಗದು!

ಡಾಲರು ಕರಗಿ ರೂಪಾಯಿಯಾದುದು

ಈ ಬಳಗದ ಕಥೆಗಳಲ್ಲಿ ನಮ್ಮ ಮನೆಬಾಗಿಲಿಗೇ ಬರುವಂಥದು ಇನ್ನೊಂದುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಾಗದದ ನೋಟಿನ ಮೇಲೆ ನಂಬಿಕೆ ಕುಂದಿ, ಭಾರತದ ಜನ ಅವನ್ನು ಕೊಟ್ಟು ಬೆಳ್ಳಿಯ ರೂಪಾಯಿ ಕೇಳತೊಡಗಿದರು. ಸರ್ಕಾರದ ಬಳಿ ಬೆಳ್ಳಿ ಬರಿದಾಗುತ್ತ ಬಂದಿತು. ಬ್ರಿಟನ್ನಿನ ಕೋರಿಕೆಯಂತೆ 1918ರ ಏಪ್ರಿಲಿನಲ್ಲಿ ಅಮೆರಿಕವು ಪಿಟ್‌ಮನ್ ಕಾಯಿದೆಯನ್ನು ಮಾಡಿ, ತನ್ನ ಖಜಾನೆಯಲ್ಲಿದ್ದ ಬೆಳ್ಳಿ ಡಾಲರುಗಳಲ್ಲಿ 27 ಕೋಟಿಗೂ ಹೆಚ್ಚನ್ನು ಕರಗಿಸಿತು. ಅವುಗಳಲ್ಲಿ ಸುಮಾರು 26 ಕೋಟಿ ಡಾಲರುಗಳ ಬೆಳ್ಳಿ ಭಾರತಕ್ಕಾಗಿ ಮಾರಾಟವಾಯಿತು. ಒಂದು ಡಾಲರಿನ ಬೆಳ್ಳಿಯಿಂದ ಎರಡೂಕಾಲು ರೂಪಾಯಿ ಹುಟ್ಟಬಲ್ಲುದು. ನಮ್ಮ ಅಜ್ಜಿಯರ ಸರದಲ್ಲಿ ತೂಗಿದ ಐದನೆಯ ಜಾರ್ಜನ ರೂಪಾಯಿ, ಹಿಂದೊಮ್ಮೆ ಅಮೆರಿಕದ ಡಾಲರಾಗಿದ್ದಿರಬಹುದು.

ಅಂದು ಕರಗಿದ ಡಾಲರುಗಳು ಯಾವ ಯಾವ ಇಸವಿಯವೆಂದು ಯಾರೂ ಬರೆದಿಡಲಿಲ್ಲ. ಆದುದರಿಂದ ಎಷ್ಟು ಅಚ್ಚಾದವೆಂಬ ಲೆಕ್ಕ ಸಿಕ್ಕರೂ ಎಷ್ಟು ಉಳಿದವೆಂಬುದು ಆ ಲೆಕ್ಕದಿಂದ ತಿಳಿಯದು. ಲಕ್ಷಗಟ್ಟಲೆ ಹುಟ್ಟಿದ್ದೂ ಅಪರೂಪವಾಗಬಹುದು. ನಾಣ್ಯಸಂಗ್ರಹದ ಮರ್ಮವಿರುವುದು ಇಲ್ಲಿಯೇ.

ಸಂಗ್ರಾಹಕರಿಗೆ ನಾಲ್ಕು ಮಾತು

ಮೊದಲನೆಯದು, ನಾಣ್ಯವನ್ನು ಹುಣಸೆಹಣ್ಣು, ಬೂದಿಗಳಿಂದ ಉಜ್ಜಬಾರದು. ಕಾಲ ಕೊಟ್ಟ ಕಪ್ಪು ಬಣ್ಣ ಕೊಳೆಯಲ್ಲ. ಉಜ್ಜಿದರೆ ಮೇಲ್ಮೈಯ ನವುರು ಅಳಿದು ಬೆಲೆ ತಗ್ಗುವುದು. ಎರಡನೆಯದು, ಬೆರಳುಗಳಿಂದ ಅಂಚನ್ನು ಮಾತ್ರ ಹಿಡಿಯಬೇಕು. ಮೂರನೆಯದು, ಕೊಳ್ಳುವ ಮುನ್ನ ತೂಕ, ಅಗಲ, ಅಂಚುಗಳನ್ನು ಪರೀಕ್ಷಿಸಬೇಕು. ಬೆಳ್ಳಿಗೆ ಅಯಸ್ಕಾಂತ ಅಂಟದು. ಮರಿಯ ತೆರೇಸಾ ತಾಲರಿನ ಅಂಚಿನಲ್ಲಿ 'ನ್ಯಾಯ ಮತ್ತು ದಯೆ' ಎಂಬರ್ಥದ ಲ್ಯಾಟಿನ್ ಅಕ್ಷರಗಳು ಉಬ್ಬಿರುತ್ತವೆ. ನಾಲ್ಕನೆಯದು, ಕಾಯಿದೆಯನ್ನು ಅರಿತಿರಬೇಕು. 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ತಾವಾಗಿಯೇ ವಿದೇಶಕ್ಕೆ ಸಾಗಿಸುವಂತಿಲ್ಲ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬುದು 1878ರ ಕಾಯಿದೆಯ ವಿಧಿ.

ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಪೆಟ್ಟಿಗೆಯ ನಾಣ್ಯಗಳು ಅಕ್ಕಸಾಲಿಗರ ಮೂಸೆಯ ದಾರಿ ಹಿಡಿಯುತ್ತವೆ. ಕಷ್ಟಕಾಲಕ್ಕೆ ಮಾರುವುದನ್ನು ನಾವು ತಪ್ಪೆನ್ನಲಾರೆವು. ಹಿರಿಯರು ಕೂಡಿಟ್ಟದ್ದೂ ಅದಕ್ಕಾಗಿಯೇ. ಆದರೆ ತೂಕಕ್ಕೆ ಹಾಕುವ ಮೊದಲು ಇಸವಿಯನ್ನೂ ಮುದ್ರೆಯನ್ನೂ ಒಮ್ಮೆ ಓದೋಣ, ತಿಳಿದವರಿಗೆ ತೋರಿಸೋಣ. ಚಾರ್ಮಿನಾರಿನ ಚಿತ್ರವಿರುವ ಹೈದರಾಬಾದಿನ ರೂಪಾಯಿಯಾಗಲಿ, ದೂರದ ತಾಲರಾಗಲಿ, ಮನೆಯ ಮಕ್ಕಳ ಅಂಗೈಯಲ್ಲಿಟ್ಟು ಅದರ ಕಥೆ ಹೇಳೋಣ. ಕರಗಿದ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಅದು ಹೊತ್ತು ತಂದ ಕಥೆ ಮಾತ್ರ ಮರಳಿ ಬಾರದು.