ಬಾಯಿಯೇ ತೊಟ್ಟಿಲು!

ಮಕ್ಕಳೇ, ನಿಮ್ಮೂರ ಕೆರೆಯಲ್ಲಿ ಬಲೆ ಎಳೆಯುವಾಗ ಹೋಗಿ ನಿಂತಿದ್ದೀರಾ? ಬುಟ್ಟಿಯಲ್ಲಿ ಜಿಲೇಬಿ ಮೀನು ಇದ್ದರೂ ಇರಬಹುದು. ಅದರ ಇನ್ನೊಂದು ಹೆಸರು ತಿಲಾಪಿಯ. ಅದು ನಮ್ಮ ನಾಡಿನ ಮೀನಲ್ಲ. ತವರು ಆಗ್ನೇಯ ಆಫ್ರಿಕಾ. 1952ರಲ್ಲಿ ಅದನ್ನು ಭಾರತಕ್ಕೆ ತಂದರು. ಅದು ಸೇರಿದ ಕುಟುಂಬವನ್ನು ಸಿಕ್ಲಿಡ್ ಎನ್ನುತ್ತಾರೆ.

ಗಂಡು ಜಿಲೇಬಿ ಮೀನು ಕೆರೆಯ ತಳದಲ್ಲಿ ತಟ್ಟೆಯಂಥ ಗುಂಡಿ ತೋಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು, ಕೂಡಲೇ ಅವನ್ನು ಬಾಯಿಗೆ ತುಂಬಿಕೊಳ್ಳುತ್ತದೆ. ನುಂಗುವುದಿಲ್ಲ! ಮರಿಗಳು ಈಜುವಷ್ಟು ಬೆಳೆಯುವವರೆಗೆ ಅವಕ್ಕೆ ತಾಯಿಯ ಬಾಯಿಯೇ ತೊಟ್ಟಿಲು. ಅಷ್ಟು ದಿನ ತಾಯಿಗೆ ಹೆಚ್ಚುಕಡಿಮೆ ಉಪವಾಸ. ಹೊರಗೆ ಬಿಟ್ಟ ಮೇಲೂ ಅಪಾಯ ಕಂಡರೆ ಮರಿಗಳು ಮತ್ತೆ ಬಾಯೊಳಗೆ ನುಗ್ಗುತ್ತವೆ. ಬೇಸಿಗೆಯಲ್ಲಿ ಕೆರೆ ನೀರು ಇಳಿದಾಗ ದಡದಲ್ಲಿ ಆ ಗುಂಡಿಗಳು ಕಾಣುತ್ತವೆಯೇ, ಹುಡುಕಿ ನೋಡಿ.

ಆಫ್ರಿಕಾದ ಟಾಂಗನಿಕಾ ಸರೋವರದಲ್ಲಿ ಈ ತೊಟ್ಟಿಲಿಗೇ ಕನ್ನ ಹಾಕುವ ಒಂದು ಮೀಸೆಯ ಮೀನಿದೆ. ಸಿಕ್ಲಿಡ್ ಮೊಟ್ಟೆಯಿಡುವಾಗ ಅದು ನುಗ್ಗಿ ತನ್ನ ಮೊಟ್ಟೆಗಳನ್ನೂ ಬೆರೆಸಿಬಿಡುತ್ತದೆ. ತಾಯಿ ಅವನ್ನೂ ಬಾಯಿಗೆ ಹಾಕಿಕೊಳ್ಳುತ್ತದೆ. ಕಳ್ಳಮರಿಗಳು ಮೊದಲು ಹೊರಬಂದು, ಸಿಕ್ಲಿಡ್ ಮರಿಗಳನ್ನು ಆ ಬಾಯೊಳಗೇ ತಿನ್ನುತ್ತವೆ. ಕಾಗೆಯ ಗೂಡಿನ ಕೋಗಿಲೆಯೇ ವಾಸಿ ಅಲ್ಲವೇ?

ಇನ್ನು ವಿಕ್ಟೋರಿಯಾ ಸರೋವರ. ಟಾಂಜಾನಿಯಾ, ಉಗಾಂಡಾ, ಕೀನ್ಯಾ ದೇಶಗಳ ನಡುವೆ ಸುಮಾರು 68,800 ಚದರ ಕಿ.ಮೀ. ಹರಡಿದೆ. ಎಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು! ಸುಮಾರು 15,000 ವರ್ಷಗಳ ಹಿಂದೆ ಅದು ಬತ್ತಿಹೋಗಿತ್ತು ಎಂದು ತಳದ ಕೆಸರಿನ ಪದರಗಳು ತಿಳಿಸುತ್ತವೆ. ಮತ್ತೆ ನೀರು ತುಂಬಿದ ಮೇಲೆ ಅಲ್ಲಿ ಸುಮಾರು 500 ಬಗೆಯ ಸಿಕ್ಲಿಡ್‌ಗಳು ಮೂಡಿದವು. ಕಲ್ಲಿನ ಪಾಚಿ ಕೆರೆಯುವವು ಕೆಲವು, ಗಂಟಲಿನಲ್ಲಿರುವ ಎರಡನೇ ದವಡೆಯಿಂದ ಬಸವನಹುಳುವಿನ ಚಿಪ್ಪು ಪುಡಿಮಾಡುವವು ಕೆಲವು.

1950ರ ದಶಕದಲ್ಲಿ ಜನ ಆ ಸರೋವರಕ್ಕೆ ನೈಲ್ ಪರ್ಚ್ ಎಂಬ ಮೀನನ್ನು ಬಿಟ್ಟರು. ಅದು 200 ಕೆ.ಜಿ.ವರೆಗೂ ಬೆಳೆಯಬಲ್ಲದು. 1980ರ ದಶಕದಲ್ಲಿ ಅದರ ಸಂಖ್ಯೆ ವಿಪರೀತ ಹೆಚ್ಚಿತು. ಸುಮಾರು 200 ಬಗೆಯ ಸಿಕ್ಲಿಡ್‌ಗಳು ಕಣ್ಮರೆಯಾದವೆಂದು ಅಂದಾಜು. ಕತೆ ಅಲ್ಲಿಗೇ ನಿಲ್ಲಲಿಲ್ಲ. ಚಿಕ್ಕ ಸಿಕ್ಲಿಡ್‌ಗಳನ್ನು ಬಿಸಿಲಿಗೆ ಒಣಗಿಸಿದರೆ ಸಾಕಿತ್ತು. ಜಿಡ್ಡಿನ ನೈಲ್ ಪರ್ಚನ್ನು ಹೊಗೆಯಲ್ಲಿ ಒಣಗಿಸಬೇಕು. ಅದಕ್ಕೆ ಸೌದೆ ಬೇಕು. ಮರ ಕಡಿದಂತೆ ಮಣ್ಣು ಕೊಚ್ಚಿ ಬಂತು. ಹೊಲ, ಪಟ್ಟಣಗಳ ಕೊಳೆಯೂ ಸೇರಿ ನೀರು ಬಗ್ಗಡವಾಯಿತು.

ಬಗ್ಗಡವಾದರೆ ಮೀನಿಗೇನು ತೊಂದರೆ? ಒಂದು ಕೆಂಪು ಜಿಲೆಟಿನ್ ಕಾಗದವನ್ನು ಕಣ್ಣಿಗೆ ಹಿಡಿದು, ಬಿಳಿ ಹಾಳೆಯ ಮೇಲೆ ಎಳೆದ ಕೆಂಪು ಗೆರೆಯನ್ನು ನೋಡಿ. ಗೆರೆ ಎಲ್ಲಿ ಹೋಯಿತು? ಬಗ್ಗಡ ನೀರಿನಲ್ಲೂ ಹೀಗೆಯೇ ಕೆಲವು ಬಣ್ಣಗಳ ಬೆಳಕು ಸೋಸಿಹೋಗುತ್ತದೆ. ಹೆಣ್ಣು ಸಿಕ್ಲಿಡ್ ತನ್ನ ಬಗೆಯ ಗಂಡನ್ನು ಗುರುತಿಸುವುದು ಬಣ್ಣದಿಂದ. ಕೆಂಪು ಯಾವುದು, ನೀಲಿ ಯಾವುದು ಎಂದು ಕಾಣದಿದ್ದರೆ ಎರಡೂ ಬಗೆಗಳು ಬೆರೆತು ಒಂದಾಗುತ್ತವೆ. ವಿಜ್ಞಾನಿ ಓಲೆ ಸೀಹೌಸನ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ತೋರಿಸಿಕೊಟ್ಟರು. ತಿನ್ನುವವರಿಲ್ಲದೆಯೂ ಒಂದು ಜೀವಿ ಇಲ್ಲವಾಗಬಹುದು!

ನಮ್ಮಲ್ಲೂ ಸ್ವಂತ ಸಿಕ್ಲಿಡ್‌ಗಳಿವೆ. ಅವುಗಳಲ್ಲಿ ಒಂದು ದಕ್ಷಿಣ ಕನ್ನಡ ಮತ್ತು ಅದರ ಸುತ್ತಮುತ್ತಲಿನ ಹೊಳೆಗಳದ್ದು. ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. ಆ ಸೀಮೆಯ ಹಳೆಯ ಹೆಸರಾದ ಕೆನರಾ ಅದರಲ್ಲಿದೆ. ಆದ್ದರಿಂದ ಗಾಜಿನ ತೊಟ್ಟಿಯ ಮೀನು ಬೇಡವಾಯಿತೆಂದು ಹೊಳೆಗೆ, ಕೆರೆಗೆ ಬಿಡಬೇಡಿ. ಈ ಕೆನರಾ ಮೀನು ಮರಿಗಳನ್ನು ಬಾಯಲ್ಲಿ ಸಾಕುವುದಿಲ್ಲ. ಮೊಟ್ಟೆಗಳನ್ನು ಕಲ್ಲಿನಂಥ ಆಸರೆಗೆ ಅಂಟಿಸಿ, ಗಂಡು ಹೆಣ್ಣು ಎರಡೂ ಕಾವಲು ನಿಲ್ಲುತ್ತವೆ.