ಬಹುಮತ ವಿಚಾರ: ತೇರಗಾಂವಿನ ಮತದಾರನೂ ಮೂರು ಗಣನಾಕ್ರಮಗಳೂ

೧

'ಬಹುಮತ' ಎಂಬ ಪದವು ಇಂದು ಕನ್ನಡದಲ್ಲಿ ದಿನಬಳಕೆಯ ಮಾತಾಗಿದೆ. ಹೆಚ್ಚು ಜನರು ಒಪ್ಪಿದ ಪಕ್ಷಕ್ಕೆ ಬಹುಮತವುಂಟೆಂದು ಹೇಳುವುದು ರೂಢಿ. ಸಂಸ್ಕೃತ ಗ್ರಂಥಗಳಲ್ಲಿಯಾದರೋ ಇದೇ ಪದವು ವಿಶೇಷಣವಾಗಿ ಬಂದು 'ಬಹಳವಾಗಿ ಆದರಿಸಲ್ಪಟ್ಟವನು' ಎಂಬ ಅರ್ಥವನ್ನು ಕೊಡುತ್ತದೆ. 'ಬಹುಮಾನ'ವು ಇದರ ಸೋದರಪದ. ಹೀಗೆ ಒಂದೇ ಸಮಾಸಕ್ಕೆ ಎರಡು ವಿಗ್ರಹಗಳು ಸಲ್ಲುತ್ತವೆ. ಹಲವರ ಮತವೆಂಬುದು ಒಂದು. ಅಲ್ಲಿ ಎಣಿಸತಕ್ಕದ್ದು ತಲೆಗಳನ್ನು. ಬಹಳವಾಗಿ ಮನ್ನಿಸಲ್ಪಟ್ಟುದೆಂಬುದು ಇನ್ನೊಂದು. ಅಲ್ಲಿ ಅಳೆಯತಕ್ಕದ್ದು ಆದರದ ತರತಮವನ್ನು. ಚುನಾವಣೆಯಲ್ಲಿ ಗೆದ್ದವನು ಯಾವ ಅರ್ಥದಲ್ಲಿ ಬಹುಮತನು ಎಂಬ ಪ್ರಶ್ನೆಯನ್ನು ಗಣಿತಜ್ಞರು ಎರಡು ಶತಮಾನಗಳಿಗೂ ಮಿಕ್ಕಿ ವಿಚಾರಿಸುತ್ತ ಬಂದಿದ್ದಾರೆ. ಆ ವಿಚಾರದ ಸಾರವನ್ನು ಒಂದು ಗ್ರಾಮದ ಉದಾಹರಣೆಯಿಂದ ನಿರೂಪಿಸುವುದು ಈ ಲೇಖನದ ಉದ್ದೇಶ.

ಬಹುಜನರ ಪಕ್ಷವು ಗ್ರಾಹ್ಯವೆಂಬುದು ನಮ್ಮ ಶಾಸ್ತ್ರಕಾರರಿಗೆ ಅಪರಿಚಿತವಾಗಿರಲಿಲ್ಲ. ವಿರುದ್ಧ ಧರ್ಮಗಳು ಒಂದೆಡೆ ಕೂಡಿದಾಗ ಹೆಚ್ಚು ಸಂಖ್ಯೆಯವಕ್ಕೆ ಅನುಗುಣವಾಗಿ ನಡೆಯಬೇಕೆಂದು ಜೈಮಿನಿಯ ಮೀಮಾಂಸಾಸೂತ್ರಗಳ ಹನ್ನೆರಡನೆಯ ಅಧ್ಯಾಯದಲ್ಲಿ ನಿರ್ಣಯವಿದೆ. ಸಾಕ್ಷಿಗಳ ಮಾತುಗಳು ಭಿನ್ನವಾದಾಗ ಬಹುಜನರ ಮಾತು ಗ್ರಾಹ್ಯ, ಎರಡು ಕಡೆಯೂ ಸಮವಾದರೆ ಗುಣವಂತರ ಮಾತು ಗ್ರಾಹ್ಯವೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಗಮನಿಸತಕ್ಕ ಸಂಗತಿಯೇನೆಂದರೆ, ಎರಡು ಪಕ್ಷಗಳು ಮಾತ್ರ ಎದುರುಬದುರಾಗಿ ನಿಂತಿರುವಲ್ಲಿ ಈ ನ್ಯಾಯವು ನಿರಾತಂಕವಾಗಿ ನಡೆಯುತ್ತದೆ. ಇಬ್ಬರಲ್ಲಿ ಒಬ್ಬನಿಗೆ ಅರ್ಧಕ್ಕಿಂತ ಹೆಚ್ಚು ಬಂದರೆ ವಾದವು ಮುಗಿಯಿತು. ಮೂರನೆಯ ಪಕ್ಷವು ಪ್ರವೇಶಿಸಿದ ಕ್ಷಣವೇ ತೊಡಕು ಮೊದಲಾಗುತ್ತದೆ.

೨

ತೇರಗಾಂವವು ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ತಾಲೂಕಿಗೆ ಸೇರಿದ ಗ್ರಾಮ. ಅಲ್ಲಿಯ ಒಬ್ಬ ಮತದಾರನ ಅಭಿಪ್ರಾಯವು ಮೂರು ಬೇರೆ ಬೇರೆ ಗಣನಾಕ್ರಮಗಳ ಮೂಲಕ ಹಾದುಹೋಗುತ್ತದೆ.

ಮೊದಲನೆಯದು ಗ್ರಾಮ ಪಂಚಾಯತಿಯ ಚುನಾವಣೆ. ೧೯೯೩ರ ಪಂಚಾಯತ್ ರಾಜ್ ಅಧಿನಿಯಮದ ಮೇರೆಗೆ ಸುಮಾರು ೪೦೦ ಜನಸಂಖ್ಯೆಗೆ ಒಬ್ಬ ಸದಸ್ಯನಿರುತ್ತಾನೆ. ಒಂದು ವಾರ್ಡಿಗೆ ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದಲ್ಲಿ, ಸ್ಥಾನಗಳಿದ್ದಷ್ಟೇ ಮತಗಳು ಮತದಾರನಿಗೆ ಇರುತ್ತವೆ; ಒಬ್ಬ ಉಮೇದುವಾರನಿಗೆ ಒಂದೇ ಮತವನ್ನು ಕೊಡಬಹುದು. ಎರಡನೆಯದು ವಿಧಾನಸಭೆಯ ಚುನಾವಣೆ. ಇಲ್ಲಿ ಒಬ್ಬನಿಗೆ ಒಂದೇ ಮತ. ಯಾರಿಗೆ ಎಲ್ಲರಿಗಿಂತ ಹೆಚ್ಚು ಬಂದಿತೋ ಅವನೇ ಗೆದ್ದವನು. ಆ ಹೆಚ್ಚಳವು ಅರ್ಧವನ್ನು ಮೀರಿರಬೇಕೆಂಬ ನಿರ್ಬಂಧವಿಲ್ಲ. ಮೂರನೆಯದು ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಚುನಾವಣೆ. ಇಲ್ಲಿ ಗ್ರಾಮಸ್ಥನು ನೇರವಾಗಿ ಮತ ಕೊಡುವುದಿಲ್ಲ. ಅವನು ಆರಿಸಿ ಕಳುಹಿಸಿದ ಪಂಚಾಯತಿ ಸದಸ್ಯರು ಕೊಡುತ್ತಾರೆ. ಅವರು ಉಮೇದುವಾರರ ಹೆಸರುಗಳ ಮುಂದೆ ೧, ೨, ೩ ಎಂದು ಪ್ರಾಶಸ್ತ್ಯದ ಅಂಕಗಳನ್ನು ಬರೆಯುತ್ತಾರೆ. ಮೊದಲನೆಯ ಪ್ರಾಶಸ್ತ್ಯಗಳಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ, ಎಲ್ಲರಿಗಿಂತ ಕಡಿಮೆ ಬಂದವನನ್ನು ಕೈಬಿಟ್ಟು, ಅವನ ಮತಪತ್ರಗಳನ್ನು ಅವುಗಳಲ್ಲಿ ಬರೆದ ಮುಂದಿನ ಪ್ರಾಶಸ್ತ್ಯದವರಿಗೆ ವರ್ಗಾಯಿಸುತ್ತಾರೆ. ಉತ್ತರ ಕನ್ನಡವನ್ನು ಒಳಗೊಂಡ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿಯೂ ಪದವೀಧರರ ಕ್ಷೇತ್ರದಲ್ಲಿಯೂ ಇದೇ ಕ್ರಮವಿರುವುದರಿಂದ, ಈ ಪತ್ರಿಕೆಯ ವಾಚಕರಲ್ಲಿ ಅಧ್ಯಾಪಕರಾದವರಿಗೆ ಇದರ ಪರಿಚಯವಿದ್ದೇ ಇರುತ್ತದೆ.

ಹೀಗೆ ಒಂದೇ ಊರು ಮೂರು ನಿಯಮಗಳಿಗೆ ಒಳಪಟ್ಟಿದೆ. ಈ ನಿಯಮಗಳು ಒಂದೇ ಗಮ್ಯಕ್ಕೆ ಹೋಗುವ ಮೂರು ದಾರಿಗಳೆಂದು ತಿಳಿಯುವವರುಂಟು. ಗಣಿತವು ಹಾಗೆ ಹೇಳುವುದಿಲ್ಲ.

೩

ಮೂರು ಅಕ್ಷರಗಳ ಸ್ಥಾನದಲ್ಲಿ ಗುರುಲಘುಗಳನ್ನು ಪ್ರಸ್ತರಿಸಿದರೆ ೮ ಗಣಗಳು ದೊರೆಯುತ್ತವೆಂಬುದು ಛಂದಸ್ಸಿನ ಪ್ರಥಮ ಪಾಠ. ಅದರಂತೆಯೇ ಮೂವರು ಉಮೇದುವಾರರನ್ನು ಇಷ್ಟದ ಕ್ರಮದಲ್ಲಿ ಜೋಡಿಸುವ ಪ್ರಸ್ತಾರವೂ ಉಂಟು. ಭಾಸ್ಕರಾಚಾರ್ಯನ ಲೀಲಾವತಿಯ ಅಂಕಪಾಶ ಪ್ರಕರಣದ ರೀತಿಯಿಂದ ೧, ೨, ೩ ಇವುಗಳ ಗುಣಲಬ್ಧವನ್ನು ತೆಗೆದರೆ ೬ ಕ್ರಮಗಳಾಗುತ್ತವೆ. ನಾಲ್ವರಿದ್ದರೆ ೨೪, ಐವರಿದ್ದರೆ ೧೨೦. ಪ್ರತಿಯೊಬ್ಬ ಮತದಾರನ ಮನಸ್ಸಿನಲ್ಲಿ ಇವುಗಳಲ್ಲೊಂದು ಕ್ರಮವು ಇರುತ್ತದೆಂದು ಭಾವಿಸಬಹುದು. ವಿಧಾನಸಭೆಯ ಮತದಾನದಲ್ಲಿ ಆ ಕ್ರಮದ ಮೊದಲನೆಯ ಹೆಸರು ಮಾತ್ರ ಹೊರಬೀಳುತ್ತದೆ. ಐವರು ನಿಂತಿರುವಾಗ ಒಂದು ಗುರುತಿನ ಹಿಂದೆ ೨೪ ಬೇರೆ ಬೇರೆ ಮನಸ್ಸುಗಳು ಅಡಗಿರಬಹುದು. ಎಣಿಸುವವನಿಗೆ ಅವೆಲ್ಲವೂ ಒಂದೇ.

ಒಂದು ಕಲ್ಪಿತ ಉದಾಹರಣೆಯಿಂದ ಇದರ ಫಲವು ವಿಶದವಾದೀತು. ೧೦೦ ಮತದಾರರು, ಕ, ಖ, ಗ ಎಂಬ ಮೂವರು ಉಮೇದುವಾರರು ಇರಲಿ. ಮತದಾರರ ಇಷ್ಟದ ಕ್ರಮವು ಹೀಗಿದೆಯೆಂದು ಇಟ್ಟುಕೊಳ್ಳೋಣ:

೪೦ ಜನರಿಗೆ — ಮೊದಲು ಕ, ಬಳಿಕ ಖ, ಕೊನೆಗೆ ಗ.
೩೫ ಜನರಿಗೆ — ಮೊದಲು ಗ, ಬಳಿಕ ಖ, ಕೊನೆಗೆ ಕ.
೨೫ ಜನರಿಗೆ — ಮೊದಲು ಖ, ಬಳಿಕ ಗ, ಕೊನೆಗೆ ಕ.

ವಿಧಾನಸಭೆಯ ನಿಯಮದಿಂದ ೪೦ ಮತಗಳನ್ನು ಪಡೆದ ಕ ಎಂಬವನು ಗೆಲ್ಲುತ್ತಾನೆ. ೬೦ ಜನರು ಅವನನ್ನು ಕೊನೆಯ ಸ್ಥಾನದಲ್ಲಿ ಇಟ್ಟಿರುವುದು ಲೆಕ್ಕಕ್ಕೆ ಬರುವುದಿಲ್ಲ. ವಿಧಾನ ಪರಿಷತ್ತಿನ ನಿಯಮದಿಂದ ಎಲ್ಲರಿಗಿಂತ ಕಡಿಮೆ ಮತ ಬಂದ ಖ ಮೊದಲು ಹೊರಬೀಳುತ್ತಾನೆ. ಅವನ ೨೫ ಪತ್ರಗಳು ಗ ಎಂಬವನಿಗೆ ಸೇರಿ, ೬೦ ಮತಗಳಿಂದ ಗ ಗೆಲ್ಲುತ್ತಾನೆ. ಇನ್ನು ಇಬ್ಬಿಬ್ಬರನ್ನು ಜೋಡಿಯಾಗಿ ನಿಲ್ಲಿಸಿ ತೂಗಿದರೆ, ಖ ಎಂಬವನು ಕ ಎಂಬವನನ್ನು ೬೦ಕ್ಕೆ ೪೦ರಿಂದಲೂ, ಗ ಎಂಬವನನ್ನು ೬೫ಕ್ಕೆ ೩೫ರಿಂದಲೂ ಸೋಲಿಸುತ್ತಾನೆ. ಮತದಾರರು ಅವರೇ, ಅವರ ಮನಸ್ಸೂ ಅದೇ; ನಿಯಮಗಳು ಮೂರು, ಗೆದ್ದವರೂ ಮೂವರು.

ಜೋಡಿಯಾಗಿ ತೂಗುವ ಕ್ರಮವನ್ನು ಪ್ರತಿಪಾದಿಸಿದವನು ಫ್ರಾನ್ಸ್ ದೇಶದ ಕೊಂಡೊರ್ಸೆ. ಅವನ ಗ್ರಂಥವು ೧೭೮೫ರಲ್ಲಿ ಪ್ರಕಟವಾಯಿತು. ಅವನ ಸಮಕಾಲೀನನಾದ ಬೋರ್ದಾ ಎಂಬವನು ಮೊದಲನೆಯ ಸ್ಥಾನಕ್ಕೆ ೨, ಎರಡನೆಯದಕ್ಕೆ ೧, ಕೊನೆಯದಕ್ಕೆ ಸೊನ್ನೆ ಎಂಬಂತೆ ಅಂಕಗಳನ್ನು ಕೊಟ್ಟು ಕೂಡಿಸುವ ಕ್ರಮವನ್ನು ಸೂಚಿಸಿದನು. ಮೇಲಿನ ಉದಾಹರಣೆಯಲ್ಲಿ ಕ ಎಂಬವನಿಗೆ ೮೦, ಖ ಎಂಬವನಿಗೆ ೧೨೫, ಗ ಎಂಬವನಿಗೆ ೯೫ ಅಂಕಗಳು ಬರುತ್ತವೆ. ಆರಂಭದಲ್ಲಿ ಹೇಳಿದ ಎರಡು ವಿಗ್ರಹಗಳನ್ನು ಇಲ್ಲಿ ನೆನೆಯಬಹುದು. ಮೊದಲನೆಯ ಹೆಸರುಗಳನ್ನು ಮಾತ್ರ ಎಣಿಸುವುದು ತಲೆಗಳ ಲೆಕ್ಕ. ಬೋರ್ದಾನ ಕ್ರಮವು ಆದರದ ತರತಮವನ್ನು ಅಳೆಯುವ ಪ್ರಯತ್ನ.

೪

ಈಗ ಹಳಿಯಾಳ ಕ್ಷೇತ್ರದ ನಿಜವಾದ ಚುನಾವಣೆಯನ್ನು ನೋಡಬಹುದು. ೨೦೨೩ರ ಮೇ ತಿಂಗಳಿನ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಆರ್. ವಿ. ದೇಶಪಾಂಡೆಯವರು ಭಾರತೀಯ ಜನತಾ ಪಕ್ಷದ ಸುನೀಲ ಹೆಗಡೆಯವರಿಗಿಂತ ನಾಲ್ಕು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಗೆದ್ದರು. ಮೂರನೆಯ ಸ್ಥಾನದಲ್ಲಿದ್ದ ಜಾತ್ಯತೀತ ಜನತಾ ದಳದ ಎಸ್. ಎಲ್. ಘೋಟ್ನೇಕರ ಅವರಿಗೆ ೨೫,೦೦೦ಕ್ಕಿಂತ ಹೆಚ್ಚು ಮತಗಳು ಬಂದಿದ್ದವು. ಗೆದ್ದವರ ಪಾಲು ಅರ್ಧಕ್ಕಿಂತ ಕಡಿಮೆ. ಮೂರನೆಯವರ ಮತಗಳು ಗೆಲುವಿನ ಅಂತರದ ಹಲವು ಪಟ್ಟು.

ಮೂರನೆಯವರು ನಿಲ್ಲದಿದ್ದರೆ ಏನಾಗುತ್ತಿತ್ತೆಂಬ ಚರ್ಚೆಯು ಇಂತಹ ಫಲಿತಾಂಶಗಳ ಬಳಿಕ ಎಲ್ಲೆಡೆಯೂ ನಡೆಯುತ್ತದೆ. ಗಣಿತದ ಉತ್ತರವು ಖಚಿತವಾದುದು: ಮತಪೆಟ್ಟಿಗೆಯಲ್ಲಿ ಅದಕ್ಕೆ ಉತ್ತರವಿಲ್ಲ. ಮೂರನೆಯವರಿಗೆ ಮತ ಕೊಟ್ಟವರ ಎರಡನೆಯ ಇಷ್ಟ ಯಾವುದೆಂದು ಯಂತ್ರವು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಅವರು ಉತ್ತರಿಸಲೂ ಇಲ್ಲ. ಆ ಮತಗಳು ಒಂದು ಕಡೆಗೆ ವಾಲುತ್ತಿದ್ದವೆಂದಾಗಲಿ, ಸಮನಾಗಿ ಹಂಚಿಹೋಗುತ್ತಿದ್ದವೆಂದಾಗಲಿ ಸಾಧಿಸುವವನು ತನ್ನ ಊಹೆಯನ್ನು ಪ್ರಮಾಣವೆಂದು ಮುಂದಿಡುತ್ತಾನೆ. ಇದರಿಂದ ಗೆಲುವಿನ ನ್ಯಾಯಸಮ್ಮತತೆಗೆ ಕುಂದಿಲ್ಲ. ನಿಯಮವು ಎಲ್ಲರಿಗೂ ಮೊದಲೇ ಗೊತ್ತಿದ್ದಿತು, ಎಲ್ಲರೂ ಅದಕ್ಕೆ ಒಪ್ಪಿಯೇ ಕಣಕ್ಕಿಳಿದಿದ್ದರು. ಆದರೆ 'ಜನರ ತೀರ್ಪು' ಎಂಬ ಮಾತಿನಲ್ಲಿ ಜನರ ಅಭಿಪ್ರಾಯದೊಂದಿಗೆ ಗಣನೆಯ ನಿಯಮವೂ ಸಮಪಾಲಾಗಿ ಸೇರಿದೆಯೆಂಬುದನ್ನು ಒಪ್ಪಲೇಬೇಕಾಗುತ್ತದೆ.

ಪಂಚಾಯತಿಯ ಕ್ರಮದಲ್ಲಿ ಬೇರೊಂದು ಗುಣದೋಷವುಂಟು. ಮೂರು ಸ್ಥಾನಗಳ ವಾರ್ಡಿನಲ್ಲಿ ೧೦೦ ಮತದಾರರಿದ್ದು, ೫೨ ಜನರು ಒಂದು ಗುಂಪಿನ ಮೂವರಿಗೂ, ೪೮ ಜನರು ಮತ್ತೊಂದು ಗುಂಪಿನ ಮೂವರಿಗೂ ಒಗ್ಗಟ್ಟಾಗಿ ಮತ ಕೊಟ್ಟರೆ ಮೂರು ಸ್ಥಾನಗಳೂ ಮೊದಲನೆಯ ಗುಂಪಿಗೇ ಹೋಗುತ್ತವೆ. ಇದೇ ಮೂರು ಸ್ಥಾನಗಳನ್ನು ಪ್ರಾಶಸ್ತ್ಯದ ಕ್ರಮದಿಂದ ತುಂಬಿದರೆ ಗೆಲುವಿಗೆ ೨೬ ಮತಗಳು ಸಾಕು. ಆಗ ೪೮ ಜನರ ಗುಂಪಿಗೂ ಒಂದು ಸ್ಥಾನವು ದೊರೆಯುತ್ತದೆ. ಮೀಸಲಾತಿಯು ಈ ಏಕಪಕ್ಷೀಯತೆಯನ್ನು ವರ್ಗಗಳ ಮಟ್ಟಿಗೆ ತಡೆಯುತ್ತದೆಯೇ ಹೊರತು ಅಭಿಪ್ರಾಯಗಳ ಮಟ್ಟಿಗೆ ತಡೆಯುವುದಿಲ್ಲ.

ಕ್ಷೇತ್ರಗಳೆಲ್ಲವನ್ನೂ ಕೂಡಿಸಿದಾಗ ಇಂತಹುದೇ ವೈಚಿತ್ರ್ಯವು ರಾಜ್ಯದ ಪ್ರಮಾಣದಲ್ಲಿ ತೋರುತ್ತದೆ. ೨೦೦೮ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇಕಡಾ ೩೫ರ ಸಮೀಪದ ಮತಗಳು ಬಂದು ೮೦ ಸ್ಥಾನಗಳು ದೊರೆತವು. ಶೇಕಡಾ ೩೪ರ ಸಮೀಪದ ಮತಗಳನ್ನು ಪಡೆದ ಭಾರತೀಯ ಜನತಾ ಪಕ್ಷಕ್ಕೆ ೧೧೦ ದೊರೆತವು. ೨೦೧೮ರಲ್ಲಿಯೂ ಮತಗಳಲ್ಲಿ ಮುಂದಿದ್ದ ಪಕ್ಷವು ಸ್ಥಾನಗಳಲ್ಲಿ ಹಿಂದುಳಿಯಿತು. ಒಂದು ಪಕ್ಷದ ಮತಗಳು ರಾಜ್ಯದಲ್ಲೆಲ್ಲ ತೆಳ್ಳಗೆ ಹರಡಿ, ಇನ್ನೊಂದರವು ಗೆಲ್ಲುವಲ್ಲಿ ಗುಂಪುಗೂಡಿರುವುದೇ ಇದಕ್ಕೆ ಮುಖ್ಯ ಕಾರಣ.

೫

ಹಾಗಾದರೆ ನಿರ್ದುಷ್ಟವಾದ ನಿಯಮವೊಂದನ್ನು ಹುಡುಕಬಾರದೆ? ಜೋಡಿಯಾಗಿ ತೂಗುವುದೇ ಉತ್ತಮವೆಂದು ಮೊದಲು ತೋರುತ್ತದೆ. ಆದರೆ ಅದರಲ್ಲಿಯ ದೋಷವನ್ನು ಕೊಂಡೊರ್ಸೆಯೇ ಕಂಡುಹಿಡಿದನು. ೩೪ ಜನರ ಕ್ರಮವು ಕ-ಖ-ಗ, ೩೩ ಜನರದು ಖ-ಗ-ಕ, ಉಳಿದ ೩೩ ಜನರದು ಗ-ಕ-ಖ ಎಂದಿರಲಿ. ಆಗ ಕ ಎಂಬವನು ಖ ಎಂಬವನನ್ನೂ, ಖ ಎಂಬವನು ಗ ಎಂಬವನನ್ನೂ, ಗ ಎಂಬವನು ತಿರುಗಿ ಕ ಎಂಬವನನ್ನೂ ಸೋಲಿಸುತ್ತಾನೆ. ನೈಯಾಯಿಕರು ಹೇಳುವ ಚಕ್ರಕದೋಷವನ್ನು ಇದು ಹೋಲುತ್ತದೆ. ಪ್ರತಿಯೊಬ್ಬ ಮತದಾರನ ವಿಚಾರವೂ ಸುಸಂಗತವಾಗಿದೆ. ಸಮೂಹದ ವಿಚಾರವು ಮಾತ್ರ ಚಕ್ರದಂತೆ ತಿರುಗುತ್ತದೆ. ಮೂವರು ಮತದಾರರು ಆರು ಕ್ರಮಗಳಲ್ಲಿ ಒಂದೊಂದನ್ನು ಹಿಡಿಯುವ ೨೧೬ ರೀತಿಗಳಲ್ಲಿ ೧೨ರಲ್ಲಿ ಈ ಚಕ್ರವು ಉಂಟಾಗುತ್ತದೆ.

೧೯೪೮ರಲ್ಲಿ ಡಂಕನ್ ಬ್ಲಾಕ್ ಎಂಬ ವಿದ್ವಾಂಸನು ಚಕ್ರವು ಹುಟ್ಟದಿರುವ ಒಂದು ಸಂದರ್ಭವನ್ನು ತೋರಿಸಿದನು. ಊರಿನ ತೆರಿಗೆಯು ಕಡಿಮೆಯಿರಲಿ, ಮಧ್ಯಮವಿರಲಿ, ಹೆಚ್ಚಿರಲಿ ಎಂಬಂತೆ ಆಯ್ಕೆಗಳು ಒಂದೇ ಸಾಲಿನಲ್ಲಿದ್ದು, ಪ್ರತಿಯೊಬ್ಬನೂ ತನ್ನ ಇಷ್ಟದಿಂದ ದೂರ ಹೋದಂತೆಲ್ಲ ಕಡಿಮೆ ಒಪ್ಪುವನಾದರೆ, ನಡುವಿನ ಮತದಾರನ ಇಷ್ಟವೇ ಎಲ್ಲ ಜೋಡಿಗಳಲ್ಲಿಯೂ ಗೆಲ್ಲುತ್ತದೆ. ಆದರೆ ಜಾತಿ, ಭಾಷೆ, ಊರು, ವ್ಯಕ್ತಿಯ ಗುಣ ಇವೆಲ್ಲ ಬೆರೆತಿರುವ ಚುನಾವಣೆಯು ಒಂದು ಸಾಲಿನಲ್ಲಿ ನಿಲ್ಲುವುದು ವಿರಳ.

ಕೊನೆಗೆ ೧೯೫೧ರಲ್ಲಿ ಅಮೆರಿಕೆಯ ಕೆನೆತ್ ಆ್ಯರೋ ಎಂಬ ಅರ್ಥಶಾಸ್ತ್ರಜ್ಞನು ಈ ಹುಡುಕಾಟಕ್ಕೇ ಎಲ್ಲೆಯನ್ನು ಕಟ್ಟಿದನು. ಮತದಾರರು ಯಾವ ಕ್ರಮವನ್ನಾದರೂ ಹಿಡಿಯಬಹುದು. ಎಲ್ಲರೂ ಒಬ್ಬನನ್ನು ಇನ್ನೊಬ್ಬನಿಗಿಂತ ಮೇಲೆಂದರೆ ಸಮೂಹವೂ ಹಾಗೆಯೇ ಹೇಳಬೇಕು. ಇಬ್ಬರ ತಾರತಮ್ಯವು ಆ ಇಬ್ಬರ ಬಗೆಗಿನ ಅಭಿಪ್ರಾಯದಿಂದಲೇ ನಿರ್ಣಯವಾಗಬೇಕು, ಮೂರನೆಯವನ ನೆರಳು ಬೀಳಬಾರದು. ಯಾವ ಒಬ್ಬ ವ್ಯಕ್ತಿಯ ಇಷ್ಟವೂ ಎಲ್ಲರ ಮೇಲೆ ನಡೆಯಬಾರದು. ಈ ನಾಲ್ಕು ಬೇಡಿಕೆಗಳೂ ಸಹಜವಾಗಿವೆ. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ ಈ ನಾಲ್ಕನ್ನೂ ಪಾಲಿಸಿ, ಯಾವಾಗಲೂ ಚಕ್ರವಿಲ್ಲದ ಕ್ರಮವನ್ನು ಕೊಡುವ ನಿಯಮವು ಇಲ್ಲವೆಂದು ಅವನು ಸಿದ್ಧಪಡಿಸಿದನು. ಆದುದರಿಂದ ಯಾವುದೇ ನಿಯಮವನ್ನು ಆರಿಸುವಾಗ ಅದರೊಡನೆ ಒಂದು ದೋಷವನ್ನೂ ಆರಿಸಿದಂತಾಗುತ್ತದೆ.

೬

ಬಹುಜನರ ಮಾತಿನಲ್ಲಿ ವಿಶ್ವಾಸವನ್ನೇ ಬಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಎರಡೇ ಪಕ್ಷಗಳಿರುವಲ್ಲಿ ಬಹುಮತಕ್ಕೆ ಬಲವಾದ ಆಧಾರವನ್ನು ಕೊಂಡೊರ್ಸೆಯೇ ಒದಗಿಸಿದ್ದಾನೆ. ಒಬ್ಬೊಬ್ಬ ಸಾಕ್ಷಿಯು ಹತ್ತರಲ್ಲಿ ಆರು ಸಲ ಸರಿ ಹೇಳುವವನಾದರೆ, ಮೂವರಲ್ಲಿ ಹೆಚ್ಚಿನವರ ಮಾತು ೧೦೦ರಲ್ಲಿ ಸುಮಾರು ೬೫ ಸಲ ಸರಿಯಾಗುತ್ತದೆ. ಐವರಿದ್ದರೆ ಸುಮಾರು ೬೮ ಸಲ. ಸಂಖ್ಯೆಯು ಬೆಳೆದಂತೆ ಅದು ನಿಶ್ಚಯದ ಸಮೀಪಕ್ಕೆ ಬರುತ್ತದೆ. ಯಾಜ್ಞವಲ್ಕ್ಯನ ವಿಧಿಗೆ ಇದೇ ಉಪಪತ್ತಿಯೆನ್ನಬಹುದು. ಆದರೆ ಇದಕ್ಕೆ ಎರಡು ನಿಯಮಗಳುಂಟು. ಒಬ್ಬೊಬ್ಬನೂ ತಪ್ಪುವುದಕ್ಕಿಂತ ಹೆಚ್ಚು ಸಲ ಸರಿಯಾಗಿರಬೇಕು. ಇಲ್ಲದಿದ್ದರೆ ಸಂಖ್ಯೆ ಬೆಳೆದಂತೆ ತಪ್ಪೇ ದೃಢವಾಗುತ್ತದೆ. ಪ್ರತಿಯೊಬ್ಬನೂ ಸ್ವತಂತ್ರವಾಗಿ ವಿಚಾರಿಸಿರಬೇಕು. ಗ್ರಂಥಸಂಪಾದನೆಯಲ್ಲಿ ಪಳಗಿದವರಿಗೆ ಈ ಎರಡನೆಯದು ಸುಪರಿಚಿತ: ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಪ್ರತಿಗಳಲ್ಲಿ ಒಂದೇ ಪಾಠವಿದ್ದರೂ ಅವು ಒಂದೇ ಸಾಕ್ಷಿ. ಅಂತೆಯೇ ಒಬ್ಬ ಮುಖಂಡನ ಮಾತಿಗೆ ಕಟ್ಟುಬಿದ್ದ ನೂರು ಮತಗಳು ಪೆಟ್ಟಿಗೆಯಲ್ಲಿ ನೂರಾದರೂ ವಿಚಾರದಲ್ಲಿ ಒಂದೇ.

ತೇರಗಾಂವಿನ ಮತದಾರನ ಮೂರು ನಿಯಮಗಳಲ್ಲಿ ಅವನ ಪರವಾಗಿ ಪಂಚಾಯತಿ ಸದಸ್ಯನು ತುಂಬುವ ಮತಪತ್ರವೇ ಹೆಚ್ಚು ಮಾತನ್ನು ಕೇಳಿಸಿಕೊಳ್ಳುತ್ತದೆ. ಆದರೆ ಆ ಪತ್ರದಲ್ಲಿ ೧ ಎಂದು ಮಾತ್ರ ಬರೆದು ಉಳಿದುದನ್ನು ಖಾಲಿ ಬಿಡುವುದಕ್ಕೂ ನಿಯಮವು ಆಸ್ಪದ ಕೊಡುತ್ತದೆ. ಹಾಗೆ ಬಿಟ್ಟವನ ಉಮೇದುವಾರನು ಹೊರಬಿದ್ದರೆ ಆ ಪತ್ರವು ಬದಿಗಿಡಲ್ಪಡುತ್ತದೆ. ಉಳಿದವರಲ್ಲಿ ಯಾರು ಮೇಲೆಂಬ ನಿರ್ಣಯದಲ್ಲಿ ಅವನಿಗೆ ಮಾತಿಲ್ಲ. ಶಿಕ್ಷಕರ ಕ್ಷೇತ್ರದ ಮತದಾರರಿಗೂ ಇದು ಅನ್ವಯಿಸುತ್ತದೆ. ಎರಡನೆಯ, ಮೂರನೆಯ ಅಂಕಗಳನ್ನು ವಿಚಾರಿಸಿ ಬರೆದಲ್ಲಿ ಮಾತ್ರ ಈ ನಿಯಮದಿಂದ ಗೆದ್ದವನು 'ಬಹುಮತ' ಶಬ್ದದ ಎರಡು ಅರ್ಥಗಳಿಗೂ ಸ್ವಲ್ಪ ಸಮೀಪನಾಗಬಲ್ಲನು.