‘ಬಿಳಿ ಗುಳಿಗೆ ಸಿಸ್ಟರ್, ದುಂಡಗಿದೆ!’

“ಯಾವ ಮದ್ದು ತಗೊಳ್ತಿದ್ದೀರಿ ಅಜ್ಜ?”

“ಬಿಳಿ ಗುಳಿಗೆ ಸಿಸ್ಟರ್. ದುಂಡಗಿದೆ. ರಾತ್ರಿ ಒಂದು.”

“ಹೆಸರು?”

“ಹೆಸರು ಯಾರಿಗೆ ಗೊತ್ತು ಮಾರಾಯ್ರೆ! ಹಾರ್ಟಿಂದು.”

ಬಂಟ್ವಾಳವಿರಲಿ, ಬೆಳ್ತಂಗಡಿಯಿರಲಿ, ಮೂಡುಬಿದಿರೆಯಿರಲಿ, ಆಸ್ಪತ್ರೆಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತವರಿಗೆ ಇಂಥ ಮಾತು ಕೇಳಿಸದೆ ಇರದು. ಕೇಳಿದವರಿಗೆ ನಗು. ಸಿಸ್ಟರಿಗೆ ಮಾತ್ರ ತಲೆಬಿಸಿ. ದುಂಡಗಿನ ಬಿಳಿ ಗುಳಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಇರಬಹುದು, ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಇರಬಹುದು, ನಾಡಿ ನಿಧಾನ ಮಾಡುವ ಮೆಟೊಪ್ರೊಲಾಲ್ ಇರಬಹುದು. ಮೂರರ ಕೆಲಸವೂ ಬೇರೆ, ಅಪಾಯವೂ ಬೇರೆ.

ತಪ್ಪು ಅಜ್ಜನದ್ದೇ ಎನ್ನುವಂತಿಲ್ಲ. ಹತ್ತರ ಪಟ್ಟಿಯಿಂದ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟರೆ ಹೆಸರೂ ತಾರೀಕೂ ಎಷ್ಟೋ ಸಲ ಅಂಗಡಿಯ ತುಂಡಿನಲ್ಲೇ ಉಳಿಯುತ್ತದೆ. ಅದರ ಮೇಲೆ ಒಂದೇ ಮದ್ದಿಗೆ ಕಂಪೆನಿಗೊಂದು ಹೆಸರು. ಅಟೊರ್ವಾ ಎಂದರೂ ಸ್ಟೊರ್ವಾಸ್ ಎಂದರೂ ಒಳಗಿರುವುದು ಅಟೊರ್ವಾಸ್ಟಾಟಿನ್ನೇ. ಎಕೊಸ್ಪ್ರಿನ್ ಎವಿ ಎಂಬ ಕ್ಯಾಪ್ಸೂಲಿನಲ್ಲೂ ಆಸ್ಪಿರಿನ್ ಜತೆಗೆ ಅದೇ ಕೂತಿದೆ. ಮಂಗಳೂರಿನ ಡಾಕ್ಟ್ರು ಒಂದು ಹೆಸರು, ಊರಿನ ಡಾಕ್ಟ್ರು ಇನ್ನೊಂದು ಹೆಸರು ಬರೆದರೆ ಅಜ್ಜನ ಹೊಟ್ಟೆಗೆ ಎರಡು ಪಾಲು! ಚೀಟಿಗಳನ್ನೆಲ್ಲ ಎದುರಿಗೆ ಹರಡಿ ಇದನ್ನು ಹಿಡಿಯಬೇಕಾದವರು ಸಿಸ್ಟರ್.

ಕೊಲೆಸ್ಟ್ರಾಲಿನ ಗುಳಿಗೆಯದ್ದು ಬೇರೆಯೇ ಗೋಳು. ಕೊಲೆಸ್ಟ್ರಾಲ್ ನೋಯುವುದಿಲ್ಲ, ಕೆಮ್ಮುವುದಿಲ್ಲ. “ರಿಪೋರ್ಟು ನಾರ್ಮಲ್ ಬಂತಲ್ಲ, ಇನ್ನು ಯಾಕೆ?” ಎಂದು ಗುಳಿಗೆ ಬಿಡುವವರಿದ್ದಾರೆ. ನಾರ್ಮಲ್ ಬಂದದ್ದೇ ಗುಳಿಗೆಯಿಂದ ಎಂದು ಅವರಿಗೆ ಬಿಡಿಸಿ ಹೇಳಬೇಕು. ಹಾಗೆಂದು ಕಣ್ಣು ಮುಚ್ಚಿ ನುಂಗುವುದೂ ಅಲ್ಲ. ತೊಡೆ, ಮೀನಖಂಡ ಕಾರಣವಿಲ್ಲದೆ ನೋಯತೊಡಗಿದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ತಡಮಾಡದೆ ಡಾಕ್ಟ್ರಿಗೆ ತೋರಿಸಬೇಕು. ಎನಲಾಪ್ರಿಲ್, ರಾಮಿಪ್ರಿಲ್ ಜಾತಿಯ ಗುಳಿಗೆಗೆ ಕೆಲವರಿಗೆ ಒಣಕೆಮ್ಮು ಬರುತ್ತದೆ. ಅದು ತಿಳಿಯದೆ ತಿಂಗಳುಗಟ್ಟಲೆ ಕಷಾಯ ಕುಡಿಯುವುದುಂಟು. ಮೆಟೊಪ್ರೊಲಾಲನ್ನಂತೂ ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಎದೆನೋವು ಮರಳಿ ಕಾಡಬಹುದು.

ಇನ್ನು ಎದೆ ಹಿಡಿದುಕೊಂಡ ಗಳಿಗೆಯ ಮಾತು. ನಮ್ಮಲ್ಲಿ ಮೊದಲು ಸೋಡಾ, ಆಮೇಲೆ ಓಮದ ನೀರು, “ಗ್ಯಾಸು ಮಾರಾಯ್ರೆ” ಎಂಬ ಸಮಾಧಾನ. ಅಷ್ಟರಲ್ಲಿ ಗಂಟೆ ಕಳೆದಿರುತ್ತದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ವಯಸ್ಸು ಬರೇ 46. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಸರಕಾರ ತಾಲೂಕು ಮಟ್ಟದ ಆಸ್ಪತ್ರೆಗಳಿಗೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಒದಗಿಸಿದೆ. ಹೊರಗೆ ಹತ್ತಾರು ಸಾವಿರ ರೂಪಾಯಿ, ಇಲ್ಲಿ ಉಚಿತ. ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಮಂಗಳೂರು ಕೆ.ಎಂ.ಸಿ.ಯ ಡಾ. ಪದ್ಮನಾಭ ಕಾಮತ್ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪಿನಲ್ಲಿ ಸಲಹೆ ನೀಡುವ ಕೆಲಸವನ್ನು 2018ರ ಸುಮಾರಿಗೇ ಶುರುಮಾಡಿದ್ದರು.

ಆದರೆ ಸೂಜಿ ಹಿಡಿಯುವ ಕೈ ಸಿಸ್ಟರದ್ದು. ಟೆನೆಕ್ಟೆಪ್ಲೇಸ್‌ನ ಲೆಕ್ಕ ತೂಕದ ಮೇಲೆ: 60 ಕಿಲೋಗಿಂತ ಕಡಿಮೆಯಿದ್ದರೆ 30 ಮಿಲಿಗ್ರಾಂ, 90 ದಾಟಿದರೆ 50. ಹಾಗಾಗಿ ಅಂಥ ಗಡಿಬಿಡಿಯಲ್ಲೂ “ತೂಕ ಎಷ್ಟು? ಇತ್ತೀಚೆಗೆ ಆಪರೇಶನ್ ಆಗಿದೆಯಾ? ಪಾರ್ಶ್ವವಾಯು ಬಂದಿತ್ತಾ?” ಎಂದು ಕೇಳುತ್ತಾರೆ. ಹೆಪ್ಪು ಕರಗಿಸುವ ಮದ್ದು ಮಿದುಳಿನಲ್ಲಿ ರಕ್ತ ಹರಿಸಲೂಬಹುದು. ಇನ್ನೊಂದು ಸಂಗತಿ. ನಮ್ಮ ಜನಕ್ಕೆ ಆಸ್ಪತ್ರೆ ಎಂದರೆ “ಒಂದು ಗ್ಲುಕೋಸ್ ಹಾಕಿ ಸಿಸ್ಟರ್”. ಇದೇ ಗ್ಲುಕೋಸಿನ ನಳಿಗೆಯಲ್ಲಿ ಆ ಮದ್ದು ಬಿಟ್ಟರೆ ಗಸಿಗಟ್ಟುತ್ತದೆ! ಮೊದಲು ಸಲೈನಿನಿಂದ ನಳಿಗೆ ತೊಳೆಯಬೇಕು. ರೋಗಿಯ ಕಡೆಯವರು “ಎಂತ ತಡ ಮಾಡುವುದು?” ಎಂದು ಬೊಬ್ಬೆ ಹಾಕುವುದು ಸರಿಯಾಗಿ ಆ ಹೊತ್ತಿಗೇ.

ನಾಲಗೆಯಡಿ ಇಡುವ ಸಾರ್ಬಿಟ್ರೇಟ್ ಹಲವರ ಕಿಸೆಯಲ್ಲಿರುತ್ತದೆ. ಅದನ್ನು ಕೂತೇ ಇಟ್ಟುಕೊಳ್ಳಬೇಕು. ರಕ್ತದೊತ್ತಡ ಇಳಿಯುವುದರಿಂದ ಬಸ್ಸಿನಲ್ಲಿ ಕಂಬ ಹಿಡಿದು ನಿಂತವರು ಧೊಪ್ಪನೆ ಬಿದ್ದಾರು. ವಯಾಗ್ರ ನುಂಗಿದ ಮೇಲೆ ಇಟ್ಟುಕೊಂಡರಂತೂ ಜೀವಕ್ಕೇ ಸಂಚಕಾರ. ಆದ್ದರಿಂದ “ನಿನ್ನೆ ಬೇರೆ ಏನಾದ್ರೂ ಗುಳಿಗೆ ತಗೊಂಡಿದ್ದೀರಾ?” ಎಂದು ಸಿಸ್ಟರ್ ಎರಡನೇ ಸಲ ಕೇಳಿದಾಗ ಗಂಡಸರು ಸೂರು ನೋಡುತ್ತ ಮಲಗಬಾರದು. ಮನೆಯವರನ್ನು ಹೊರಗೆ ಕಳಿಸಿ ಹೇಳಿದರೂ ಆದೀತು.